ರಂಜಾನಬಿ ಚಾಚಿಯ ಕಿವಿ

ರಾಯಚೂರಿನ ಹಳೆಯ ಓಣಿಗಳಲ್ಲಿ ಓಡಾಡಿದವರಿಗೆ ಈ ಕಷ್ಟ ಗೊತ್ತೇ ಇದೆ. ಒಂದು ಕಡೆ ಬಾಯಿ ತೆರೆದ ಗಟಾರ, ಇನ್ನೊಂದು ಕಡೆ ಯಾರೋ ಮನೆ ಕಟ್ಟಿಸಲು ತಂದು ಸುರಿದ ಉಸುಕಿನ ಗುಡ್ಡೆ. ನಡುವೆ ಉಳಿದ ಜಾಗದಲ್ಲಿ ಆಟೋ, ಬೈಕು, ಎಮ್ಮೆ, ಶಾಲೆಗೆ ಹೊರಟ ಮಕ್ಕಳು. ನಡೆಯುವವರಿಗೆಂದು ಯಾರೂ ಜಾಗ ಬಿಟ್ಟಿಲ್ಲ. ಆದರೂ ನಡೆಯುವವರು ನಡೆಯಲೇಬೇಕು, ಸೈಕಲ್ಲಿನವರು ಅವರನ್ನು ದಾಟಿಕೊಂಡು ಹೋಗಲೇಬೇಕು. ಹೇಗೆ ದಾಟಬೇಕು ಎಂಬುದು ಸಣ್ಣ ಮಾತು ಅನ್ನಿಸುತ್ತದೆ. ಪಂಪಾಪತಿಗೂ ಹಾಗೆಯೇ ಅನ್ನಿಸಿತ್ತು.

ಪಂಪಾಪತಿ ಒಂದು ಸರ್ಕಾರಿ ಕಚೇರಿಯಲ್ಲಿ ಗುಮಾಸ್ತ. ಮೊದಲು ದೇವದುರ್ಗದಲ್ಲಿದ್ದ, ವರ್ಗವಾಗಿ ರಾಯಚೂರಿಗೆ ಬಂದು ಮಾವಿನಕೆರೆಯ ಹತ್ತಿರದ ಓಣಿಯಲ್ಲಿ ಮನೆ ಮಾಡಿದ. ಮನೆಯಲ್ಲಿ ಹೆಂಡತಿ ಕಲ್ಯಾಣಿ, ವಯಸ್ಸಾದ ತಂದೆ ಮೌನಪ್ಪ. ಕಲ್ಯಾಣಿ ಆರೋಗ್ಯ ಕೇಂದ್ರದಲ್ಲಿ ನರ್ಸ್. ನಲವತ್ತು ದಾಟಿದ ಮೇಲೆ ಪಂಪಾಪತಿಗೆ ಶುಗರ್ ಕಾಣಿಸಿಕೊಂಡಿತು. ಬೈಕು ಮನೆಯಲ್ಲಿ ಬಿಟ್ಟು ಸೈಕಲ್ ತುಳಿಯಿರಿ ಎಂದು ಕಲ್ಯಾಣಿ ಹೇಳಿದಳು. ಅವಳೇ ಮೊದಲಿನಿಂದ ಸೈಕಲ್ಲಿನಲ್ಲಿ ಕೆಲಸಕ್ಕೆ ಹೋಗುವವಳು, ಹಾಗಾಗಿ ಇವನಿಗೆ ಎದುರಾಡಲು ಬಾಯಿ ಇರಲಿಲ್ಲ.

ಇದ್ದದ್ದು ಇದ್ದಂತೆ ಹೇಳಬೇಕೆಂದರೆ, ಅವನು ಒಳ್ಳೆಯ ಸವಾರನೇ. ರಸ್ತೆಯ ಎಡಬದಿ ಬಿಟ್ಟು ಬರುತ್ತಿರಲಿಲ್ಲ. ತಿರುಗುವ ಮೊದಲು ಕೈ ಚಾಚಿ ತೋರಿಸುತ್ತಿದ್ದ. ತೀನ್ ಕಂದೀಲ್ ಚೌಕದ ಹತ್ತಿರ ಗದ್ದಲ ಹೆಚ್ಚಿದ್ದರೆ ಇಳಿದು ತಳ್ಳಿಕೊಂಡು ಹೋಗುತ್ತಿದ್ದ. ಕೆಂಪು ದೀಪ ಬಿದ್ದರೆ ನಿಲ್ಲುತ್ತಿದ್ದ, ಹಿಂದಿನ ಬೈಕಿನವರು ಎಷ್ಟು ಹಾರ್ನ್ ಹೊಡೆದರೂ ಜಗ್ಗುತ್ತಿರಲಿಲ್ಲ. ಇದ್ದದ್ದು ಒಂದೇ ಕೊರತೆ. ಹಿರಿಯರು ಮುಂದೆ ನಡೆಯುತ್ತಿದ್ದರೆ ಅವನು ಬೆಲ್ ಹೊಡೆಯುತ್ತಿರಲಿಲ್ಲ. ಹುಡುಗರಿಗೆ ಹೊಡೆಯುತ್ತಿದ್ದ, ಎಮ್ಮೆಗೂ ಹೊಡೆಯುತ್ತಿದ್ದ. ನರೆತ ತಲೆ ಕಂಡರೆ ಮಾತ್ರ ಬೆರಳು ಬೆಲ್ ಬಿಟ್ಟು ಬ್ರೇಕಿಗೆ ಹೋಗುತ್ತಿತ್ತು. ಮೆಲ್ಲಗೆ ಹಿಂದೆ ಬಂದು, ಸಂದು ನೋಡಿ, ಸದ್ದಿಲ್ಲದೆ ಪಕ್ಕದಿಂದ ಜಾರಿಕೊಳ್ಳುತ್ತಿದ್ದ.

ಇದು ತಂದೆ ಕಲಿಸಿದ ಪಾಠ. ಮೌನಪ್ಪ ಮಾನ್ವಿ ತಾಲೂಕಿನ ಒಂದು ಹಳ್ಳಿಯಲ್ಲಿ ಕೂಲಿ ಮಾಡಿ ಮಗನನ್ನು ಓದಿಸಿದವರು. ಮಗನಿಗೆ ಸೈಕಲ್ ಕಲಿಸುವಾಗಲೇ ಹೇಳಿದ್ದರು, “ಹಿರೇರ ಬೆನ್ನ ಹಿಂದ ಬೆಲ್ ಹೊಡಿಬಾರ್ದು, ಮಗಾ. ಸರೀರಿ ಅಂತ ಹುಕುಂ ಮಾಡಿದಂಗ ಆಗ್ತದ.” ಪಂಪಾಪತಿ ಅದನ್ನು ಮರ್ಯಾದೆ ಎಂದೇ ತಿಳಿದ. ಈಗಿನವರಿಗೆ ಹಿರಿಯರೆಂದರೆ ಲೆಕ್ಕಕ್ಕಿಲ್ಲ, ನಾನು ಹಾಗಲ್ಲ ಎಂದು ಒಳಗೊಳಗೇ ಒಂದಿಷ್ಟು ಹೆಮ್ಮೆಯೂ ಇತ್ತು.

ಅದೇ ಓಣಿಯಲ್ಲಿ ರಂಜಾನಬಿ ಇದ್ದರು. ಬಾಣಂತಿಯರ ಮನೆಗೆ ಹೋಗಿ ಕೂಸುಗಳಿಗೆ ಎಣ್ಣೆ ಹಚ್ಚಿ ನೀರು ಹಾಕುವುದು ಅವರ ಕೆಲಸ. ಬಚ್ಚಲಲ್ಲಿ ಕಾಲು ನೀಡಿ ಕೂತು, ಕೂಸನ್ನು ಕಾಲ ಮೇಲೆ ಮಲಗಿಸಿಕೊಂಡರೆ, ಎಂಥ ಹಟಮಾರಿ ಕೂಸಾದರೂ ಸ್ವಲ್ಪ ಹೊತ್ತಿಗೆ ಸುಮ್ಮನಾಗುತ್ತಿತ್ತು. ಇವರ ಮನೆ ಅವರ ಮನೆ ಎಂಬ ಭೇದವಿಲ್ಲದೆ ಎಲ್ಲರೂ ಕರೆಯುತ್ತಿದ್ದರು, ಎಲ್ಲರೂ ಚಾಚಿ ಎನ್ನುತ್ತಿದ್ದರು. ಮಗ ಗುಲಾಮ್ ದಸ್ತಗೀರ್ ಸ್ಟೇಷನ್ ರೋಡಿನಲ್ಲಿ ಬಟ್ಟೆ ಹೊಲಿಯುವವನು. ಮನೆಯಲ್ಲಿ ಕೂತುಕೊಳ್ಳಮ್ಮಾ ಎಂದು ಅವನು ಎಷ್ಟು ಹೇಳಿದರೂ ಚಾಚಿ ಕೇಳುತ್ತಿರಲಿಲ್ಲ. ಕೂಸುಗಳ ಮನೆಗೆ ಹೋಗದ ದಿನ ಅವರಿಗೆ ದಿನವೇ ಅಲ್ಲ.

ಬೇಸಿಗೆಯ ಒಂದು ಬೆಳಗ್ಗೆ ಚಾಚಿ ಎಣ್ಣೆ ಶೀಸೆಯ ಚೀಲ ಹಿಡಿದು ಅನ್ನಮ್ಮನ ಮನೆಗೆ ಹೊರಟಿದ್ದರು. ಅನ್ನಮ್ಮನ ಸೊಸೆ ಹಡೆದಿದ್ದಳು, ಮೊದಲ ಮೊಮ್ಮಗ. ಹಿಂದಿನಿಂದ ಪಂಪಾಪತಿ ಕಚೇರಿಗೆ ಹೊರಟು ಬಂದ. ಎಂದಿನಂತೆ ಬೆಲ್ ಹೊಡೆಯಲಿಲ್ಲ. ಚಾಚಿಯ ಬಲಗಡೆ ಸಂದು ಕಂಡಿತು, ನುಗ್ಗಿದ. ಅದೇ ಹೊತ್ತಿಗೆ ಚಾಚಿ ಎಡಗಡೆ ಬಿದ್ದಿದ್ದ ಉಸುಕು ದಾಟಲು ಬಲಕ್ಕೆ ಒಂದು ಹೆಜ್ಜೆ ಇಟ್ಟರು. ಹ್ಯಾಂಡಲ್ ಮೊಣಕೈಗೆ ತಾಗಿತು. ಚಾಚಿ ಕೈಯೂರಿ ಬಿದ್ದರು, ಶೀಸೆ ಒಡೆದು ಎಣ್ಣೆಯೆಲ್ಲ ಮಣ್ಣಿನ ಪಾಲಾಯಿತು.

ಜನ ಕೂಡಿದರು. ಪಂಪಾಪತಿ ಸೈಕಲ್ ಬಿಸಾಕಿ ಚಾಚಿಯನ್ನು ಎತ್ತಿ ಕೂರಿಸಿದ, ನೀರು ಕುಡಿಸಿದ.  ಆಗ ಗುಂಪಿನಲ್ಲಿ ಯಾರೋ ಹೇಳಿದರು, “ಸಾಹೇಬ್ರು ಬೆಲ್ ಹೊಡದಿರಬೇಕು, ಮುದುಕಿಗಿ ಕೇಳ್ಸಿಲ್ಲ.” ಇನ್ನೊಬ್ಬರು, “ವಯಸ್ಸಾತಲ್ರೀ, ಕಿವಿ ಹೋಗ್ಯಾವ ಕಾಣ್ಸತದ” ಎಂದರು.

ಪಂಪಾಪತಿ ಬಾಯಿ ತೆರೆಯಬೇಕಾಗಿದ್ದದ್ದು ಇಲ್ಲಿ. ನಾನು ಬೆಲ್ ಹೊಡೆದಿಲ್ಲ ಎಂಬ ಒಂದು ಮಾತು.  ಆದರೆ ಸುತ್ತ ನಿಂತವರೆಲ್ಲ ತನ್ನ ಪರ ಮಾತಾಡುತ್ತಿದ್ದಾರೆ, ತಾನು ಒತ್ತಿ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡ ಗುಮಾಸ್ತ, ಎಲ್ಲರೆದುರು ತಪ್ಪು ಒಪ್ಪಿಕೊಳ್ಳಲು ಮುಖ ಬರಲಿಲ್ಲ. ಸುಮ್ಮನಿದ್ದುಬಿಟ್ಟ. ಆಟೋ ಕರೆದು ಚಾಚಿಯನ್ನು ಆಸ್ಪತ್ರೆಗೆ ಕರೆದುಕೊಂಡು ಹೋದ. ಎಲುಬು ಮುರಿದಿರಲಿಲ್ಲ, ಮಣಿಕಟ್ಟು ಉಳುಕಿತ್ತು. ಕಟ್ಟು ಹಾಕಿ ಕಳಿಸಿದರು.

ಸುದ್ದಿ ತಿಳಿದು ದಸ್ತಗೀರ್ ಓಡಿಬಂದ. ಬಂದವನು ಪಂಪಾಪತಿಯ ಕೈ ಹಿಡಿದುಕೊಂಡ. “ಮಾಫ್ ಮಾಡ್ರಿ ಸಾಹೇಬ್ರ. ಅಮ್ಮಾಗ ವಯಸ್ಸಾತು, ಬ್ಯಾಡ ಅಂದ್ರೂ ಅಡ್ಡಾಡ್ತಾಳ. ನಿಮಗ ಸುಮ್ನ ತ್ರಾಸ ಆತು.”

ಪಂಪಾಪತಿ ಏನು ಹೇಳಿದ ಗೊತ್ತೇ? “ಇರ್ಲಿ ಬಿಡ್ರಿ, ಯಾರಿಗ್ಯಾದ್ರೂ ಆಗ್ತದ” ಎಂದ. ತಪ್ಪು ಮಾಡಿದವನೇ ದೊಡ್ಡ ಮನಸ್ಸು ಮಾಡಿ ಕ್ಷಮಿಸಿಬಿಟ್ಟ. ಆ ಮಾತು ಬಾಯಿಂದ ಹೊರಬಿದ್ದ ಕೂಡಲೇ ಅವನಿಗೆ ತನ್ನ ಮೇಲೆ ಹೇಸಿಗೆಯಾಯಿತು. ಆದರೂ ಹಿಂದಕ್ಕೆ ತೆಗೆದುಕೊಳ್ಳಲಿಲ್ಲ.

ಕೈಯ ಬಾವು ಇಳಿಯುತ್ತ ಬಂತು. ಆದರೆ ಓಣಿಯಲ್ಲಿ ಮಾತು ಏರುತ್ತ ಹೋಯಿತು. ನಳದ ಹತ್ತಿರ ಕೊಡ ಹಿಡಿದು ನಿಂತವರು, ಹಾಲಿನ ಅಂಗಡಿಯವರು, ಎಲ್ಲರ ಬಾಯಲ್ಲಿ ಒಂದೇ ಸುದ್ದಿ, ಚಾಚಿಗೆ ಕಿವಿ ಕೇಳಿಸುವುದಿಲ್ಲವಂತೆ. ಕೆಲವರು ಮರುಗಿದರು, ಕೆಲವರು ನಕ್ಕರು. ಹಸುಗೂಸಿದ್ದ ಮನೆಯವರು ಹೆದರಿದರು.

ಅನ್ನಮ್ಮ ಕೆಟ್ಟವಳಲ್ಲ. ಆದರೂ ದಸ್ತಗೀರನಿಗೆ ಹೇಳಿಕಳಿಸಿದಳು, “ಚಾಚಿ ಆರಾಮ ಇರ್ಲಿ. ನಾವು ಬ್ಯಾರೆ ಯಾರನ್ನರ ನೋಡ್ಕೋತೀವಿ. ಕೂಸಿನ ಮೂಗಿನ್ಯಾಗ ನೀರು ಹೋಗಿ ಉಸುರು ಕಟ್ಟಿದ್ರ, ಕೇಳಸಲಾರದಾಕೀಗಿ ಹ್ಯಾಂಗ ಗೊತ್ತಾಗಬೇಕು?” ಒಂದು ಮನೆ ಬೇಡವೆಂದಿತು, ಅದನ್ನು ನೋಡಿ ಇನ್ನೊಂದು ಮನೆಯೂ ಬೇಡವೆಂದಿತು. ದಸ್ತಗೀರನಂತೂ ಅಮ್ಮ ಇನ್ನು ಹೊಸ್ತಿಲು ದಾಟಕೂಡದು ಎಂದು ನಿಷ್ಠುರವಾಗಿ ಹೇಳಿಬಿಟ್ಟ. ಪ್ರೀತಿಯಿಂದಲೇ ಹೇಳಿದ. ಚಾಚಿಗೆ ಮಾತ್ರ ಅದು ಬಾಗಿಲಿಗೆ ಬೀಗ ಹಾಕಿದ ಹಾಗಾಯಿತು.

ಮೋಸಂಬಿ ತೆಗೆದುಕೊಂಡು ಪಂಪಾಪತಿ ಒಂದು ದಿನ ನೋಡಲು ಹೋದ. ಚಾಚಿ ಗೋಡೆಗೆ ಒರಗಿ ಕೂತಿದ್ದರು. ಇವನನ್ನು ಕಂಡು ಖುಷಿಯಾಗಿ ಪಕ್ಕದಲ್ಲಿ ಕೂರಿಸಿಕೊಂಡರು. ಸ್ವಲ್ಪ ಹೊತ್ತು ಅದು ಇದು ಮಾತಾಡಿ, ಆಮೇಲೆ ದನಿ ತಗ್ಗಿಸಿ ಕೇಳಿದರು.

“ಬೇಟಾ, ಒಂದು ಮಾತು ಕೇಳ್ತೀನಿ, ಬ್ಯಾಸರ ಮಾಡ್ಕೋಬ್ಯಾಡ. ಅವತ್ತ ನೀ ಬೆಲ್ ಹೊಡದಿದ್ದಿ ಹೌದಲ್ಲ?”

ಪಂಪಾಪತಿ ನೆಲ ನೋಡಿದ. “ಹೊಡದಿದ್ದೆ, ಚಾಚಿ. ಒಂದೆರಡು ಸಲ.”

ಚಾಚಿ ತಮ್ಮ ಕಿವಿ ಮುಟ್ಟಿ ನೋಡಿಕೊಂಡರು. “ಹಂಗಾರ ಹೋದ್ವು ಬಿಡು” ಎಂದರು. “ನನಗ ಎಲ್ಲಾ ಕೇಳಸ್ತದ ಅಂತ ಮಾಡಿದ್ದೆ ನೋಡು. ಕಿವಿ ಹೋದವರಿಗೆ ಕಿವಿ ಹೋಗಿದ್ದು ಗೊತ್ತಾಗಂಗಿಲ್ಲ ಕಾಣ್ಸತದ. ಅನ್ನಮ್ಮ ಬ್ಯಾಡ ಅಂದಿದ್ದು ಖರೇನ ಅದ. ಕೂಸು ಅತ್ತಿದ್ದು ಕೇಳಸಲಾರದಾಕಿ ಕೂಸು ಮುಟ್ಟಬಾರ್ದು.”

ಪಂಪಾಪತಿ ಹೇಗೆ ಎದ್ದು ಬಂದನೋ ಅವನಿಗೇ ತಿಳಿಯದು. ಚಾಚಿಯ ಕೆಲಸ ಹೋಯಿತು, ಓಡಾಟ ಹೋಯಿತು, ಈಗ ತಮ್ಮ ಕಿವಿಯನ್ನು ತಾವೇ ನಂಬದ ಹಾಗಾಯಿತು. ಎಲ್ಲ ಅಂದು ತಾನು ಬಾಯಿ ಬಿಡದ್ದರಿಂದ, ಈಗ ಹೇಳಿದ ಸುಳ್ಳಿನಿಂದ. ಅಂದಿನಿಂದ ಅವನು ಚಾಚಿಯ ಮನೆಯ ಮುಂದಿನ ದಾರಿಯನ್ನೇ ಬಿಟ್ಟ. ದೊಡ್ಡ ಸುತ್ತು ಹಾಕಿಕೊಂಡು ಕಚೇರಿಗೆ ಹೋಗತೊಡಗಿದ. ಹೆಂಡತಿ ಕೇಳಿದರೆ, ಶುಗರಿಗೆ ಒಳ್ಳೆಯದು ಎಂದ. ಊಟ ಸೇರುತ್ತಿರಲಿಲ್ಲ. ಯಾರಾದರೂ ಓಣಿಯಲ್ಲಿ ನಮಸ್ಕಾರ ಸಾಹೇಬರೇ ಎಂದರೆ ಕಪಾಳಕ್ಕೆ ಹೊಡೆದಂತಾಗುತ್ತಿತ್ತು.

ಕಲ್ಯಾಣಿ ಕೆಲಸ ಮುಗಿಸಿ ಬರುವಾಗ ಆಗಾಗ ಚಾಚಿಯ ಕೈ ನೋಡಿಕೊಂಡು ಬರುತ್ತಿದ್ದಳು. ಒಂದು ಸಂಜೆ ಬಂದವಳು ಸೈಕಲ್ ಗೋಡೆಗೆ ನಿಲ್ಲಿಸಿ, ಕಾಲು ತೊಳೆಯದೆ ನೇರ ಒಳಗೆ ಬಂದಳು. ಪಂಪಾಪತಿ ಚಹಾ ಕುಡಿಯುತ್ತಿದ್ದ. ಮೌನಪ್ಪ ಬಾಗಿಲ ಹತ್ತಿರ ಗಾಳಿಗೆ ಕೂತಿದ್ದರು.

“ರೀ, ಚಾಚಿ ಕಿವಿ ನಿಮಗಿಂತ ಛಲೋ ಅದಾವ” ಎಂದಳು ಕಲ್ಯಾಣಿ.

“ಅಂದ್ರ?”

“ಕಟ್ಟು ಬಿಚ್ಚಾಕತ್ತಿದ್ದೆ. ಚಾಚಿ ಒಮ್ಮೆಲೆ, ಅನ್ನಮ್ಮನ ಮೊಮ್ಮಗ ಎದ್ದ ನೋಡು ಅಂದ್ರು. ನನಗ ಏನೂ ಕೇಳ್ಸಲಿಲ್ಲ. ಹೊರಗ ಬಂದು ನಿಂತು ಕೇಳ್ದೆ, ಅಷ್ಟು ದೂರದಾಗ ಕೂಸು ಸಣ್ಣಗ ಕುಂಯ್‌ಗುಡಾಕತ್ತಿತ್ತು. ನಾನು ಒಳಗ ಬಂದ್ರ ಚಾಚಿ ಕಣ್ಣಾಗ ನೀರು. ಇದು ಕೇಳಸ್ತದ, ಬೆನ್ನ ಹಿಂದಿನ ಬೆಲ್ ಕೇಳಲಿಲ್ಲ, ಇದೇನು ರೋಗ ಬೇಟಿ ಅಂತ ನನ್ನ ಕೇಳಿದ್ರು. ನಾನು ಏನು ಹೇಳಬೇಕು? ನೀವ ಹೇಳ್ರಿ. ಅವತ್ತ ನೀವು ಬೆಲ್ ಹೊಡದ್ರೋ ಇಲ್ಲೋ?”

ಪಂಪಾಪತಿ ಚಹಾದ ಬಸಿಯನ್ನು ಕೆಳಗಿಟ್ಟ. ಹೆಂಡತಿಯ ಮುಖ ನೋಡಲು ಆಗಲಿಲ್ಲ. “ಇಲ್ಲ” ಎಂದ.

“ಹೊಡದೀನಿ ಅಂತ ಚಾಚಿಗಿ ಹೇಳಿದ್ರಂತ.”

“ಹೂಂ. ಹೇಳ್ದೆ.”

ಕಲ್ಯಾಣಿ ಬೈಯಲಿಲ್ಲ. ಬೈದಿದ್ದರೆ ಅವನಿಗೆ ಹಗುರಾಗುತ್ತಿತ್ತೇನೋ. ಅವಳು ಸುಮ್ಮನೆ ನಿಂತು ಅವನನ್ನು ನೋಡಿದಳು. ಅವನಿಗೆ ಎದ್ದು ಎಲ್ಲಾದರೂ ಹೋಗಿಬಿಡಬೇಕು ಅನ್ನಿಸಿತು.

ಮೌನಪ್ಪ ಬಾಗಿಲಿನಿಂದಲೇ ಮಗನ ನೆರವಿಗೆ ಬಂದರು. “ಅವಂದೇನು ತಪ್ಪು, ಯವ್ವಾ? ಹಿರೇರಿಗೆ ಬೆಲ್ ಹೊಡಿಬಾರ್ದು ಅಂತ ಹೇಳಿದಾಂವ ನಾನು. ಬೆಲ್ ಹೊಡದು ದೊಡ್ಡೋರನ್ನ ಸರಸೂದು ಮರ್ಯಾದಸ್ತರು ಮಾಡೋ ಕೆಲಸನು?”

“ಮಾವಾರ, ಬೆಲ್ ಅಂದ್ರ ಸರೀರಿ ಅಂತ ಅಲ್ರೀ. ನಾ ಹಿಂದ ಅದೀನಿ ಅಂತ. ನಮ್ಮ ಮನಿಗಿ ಯಾರರ ಬಂದ್ರ ಹೊರಗ ನಿಂತು ‘ಅದೀರೇನ್ರೀ’ ಅಂತ ಕೂಗ್ತಾರಿಲ್ಲೋ? ಕೂಗದಂಗ ಒಳಗ ಬಂದು ಬೆನ್ನ ಹಿಂದ ನಿಂತ್ರ, ಅದಕ್ಕ ನೀವು ಮರ್ಯಾದಿ ಅಂತೀರೇನು?”

ಮೌನಪ್ಪ ಅಷ್ಟಕ್ಕೇ ಬಿಡಲಿಲ್ಲ. “ಕಿವಿ ಹತ್ರ ಬಂದು ಟ್ರಿಣ್ ಟ್ರಿಣ್ ಅಂತ ಹೊಡದ್ರ ಮುದುಕರ ಎದಿ ಒಡಿತದ.”

“ಅದು ಖರೇರಿ. ಅದಕ್ಕ ಕಿವಿ ಹತ್ರ ಹೊಡಿಬಾರ್ದು. ದೂರ ಇದ್ದಾಗ ಒಮ್ಮಿ ಹೊಡೀಬೇಕು, ಮೆತ್ತಗ. ಆಮ್ಯಾಲ ಕಾಯಬೇಕು. ಹಿಂದ ಬರೋದು ಗೊತ್ತಾಗಿ ಅವರು ಒಂದು ಬದಿಗಿ ಆದ್ರ, ಒಂದು ಮೊಳ ಬಿಟ್ಟು ಬಲಗಡಿಂದ ಹೋಗಬೇಕು. ಆಗಲಿಲ್ಲಂದ್ರ ಬಾಯಿಲೆ ಹೇಳಬೇಕು. ನಾ ದಿನಾ ಅದನ್ನ ಮಾಡ್ತೀನಿ. ‘ಅಜ್ಜಾ, ಬಲಕ್ಕ ಬರಾಕತ್ತೀನಿ’ ಅಂತೀನಿ. ಅವರು ನಗ್ತಾರ, ದಾರಿ ಕೊಡ್ತಾರ. ಯಾರೂ ನನಗ ಸೊಕ್ಕಿನಾಕಿ ಅಂದಿಲ್ಲ.”

“ಅಷ್ಟಾದ್ರೂ ತಿಳೀಲಿಲ್ಲಂದ್ರ?” ಎಂದ ಪಂಪಾಪತಿ. ಅವನ ದನಿ ಸಣ್ಣದಾಗಿತ್ತು.

“ಇಳೀಬೇಕು. ತಳ್ಕೊಂಡು ಹೋಗಬೇಕು. ಎರಡು ಕಾಲು ಅದಾವಲ್ಲ. ಇನ್ನೊಂದು ಮಾತು ಕೇಳ್ರಿ. ಚಾಚಿ ಖರೇವಂದ್ರೂ ಕಿವುಡಿ ಇದ್ರು ಅಂತ ಇಟ್ಕೋರಿ. ಆಗರ ತಪ್ಪು ಅವರದ ಆಗ್ತಿತ್ತೇನು? ಕಿವುಡರು ಓಣ್ಯಾಗ ಅಡ್ಡಾಡಬಾರ್ದಂತ ಎಲ್ಲೆರ ಅದನು? ಗಾಲಿ ಮ್ಯಾಲ ಇದ್ದಾಂವ ಕಾಲ ಮ್ಯಾಲ ಇದ್ದವರನ್ನ ಕಾಯಬೇಕು. ಲಾರಿಯಾಂವ ನಮ್ಮನ್ನ ನೋಡಿ ಹೋಗಲಿ ಅಂತ ನಾವು ಅಂತೀವಿಲ್ಲೋ, ಹಂಗ.”

 ಹೊರಗೆ ಆಟೋ ಒಂದು ಹಾದುಹೋಯಿತು. ಆಮೇಲೆ ಮೌನಪ್ಪ ಮಗನ ಕಡೆ ತಿರುಗದೆಯೇ ಹೇಳತೊಡಗಿದರು.

“ಪಂಪಾ, ನಿನಗ ಒಂದು ಹೇಳಿಲ್ಲ. ನಮ್ಮೂರಾಗ ಕಟ್ಟಿ ಮ್ಯಾಲ ದೊಡ್ಡ ಮಂದಿ ಕುಂತಿದ್ರ ನಮ್ಮಂಥವರು ಸೈಕಲ್ ಇಳದು ದಾಟಬೇಕಿತ್ತು. ನಾ ಹೊಸಾದು ಸೈಕಲ್ ಕಲ್ತಿದ್ದೆ. ಆ ಮಂದ್ಯಾಗಿನ ಒಬ್ರು ಹಿರೇರು ನಡೂ ದಾರ್ಯಾಗ ಹೊಂಟಿದ್ರು, ನಾ ಹಿಂದಿಂದ ಬೆಲ್ ಹೊಡದೆ. ಕೆಳಗ ಇಳಿಸಿದ್ರು. ನನ್ನ ಕೈಲೆನ ಆ ಬೆಲ್ ಬಿಚ್ಚಿಸಿದ್ರು, ಎಲ್ಲಾರ ಮುಂದ. ಬಿಚ್ಚಿ ಅವರ ಕಾಲ ಹತ್ರ ಇಟ್ಟು ಮನಿಗಿ ಬಂದೆ.” ಮುದುಕ ಹೆಗಲ ಮೇಲಿನ ಟವೆಲಿನಿಂದ ಬಾಯಿ ಒರೆಸಿಕೊಂಡರು. “ನೀನು ಸೈಕಲ್ ಕಲಿಯೋವಾಗ ಇದನ್ನ ಹೇಳಾಕ ನನಗ ನಾಚಿಕಿ ಬಂತು. ಮಗನಿಗಿ ಅಂಜಿಕಿ ಹ್ಯಾಂಗ ಕಲಸೂದು ಅಂತ, ಅದಕ್ಕ ಮರ್ಯಾದಿ ಅಂತ ಹೆಸರಿಟ್ಟು ಕಲಸಿದೆ.”

ಪಂಪಾಪತಿಗೆ ತಂದೆಯ ಪಾದ ಮಾತ್ರ ಕಾಣುತ್ತಿತ್ತು. ಇಷ್ಟು ವರ್ಷ ಯಾವುದನ್ನು ತನ್ನ ದೊಡ್ಡ ಗುಣ ಎಂದು ಬೀಗಿದ್ದನೋ ಅದು ತಂದೆಯ ಹಳೆಯ ಅವಮಾನ. ಆ ಅವಮಾನ ತಂದೆಯ ತಪ್ಪಲ್ಲ. ಆದರೆ ಚಾಚಿಯ ಎದುರು ಹೇಳಿದ ಸುಳ್ಳು ಯಾರೂ ಕಲಿಸಿದ್ದಲ್ಲ, ಅದು ಪೂರ್ತಿ ತನ್ನದೇ ಎಂದು ಅವನಿಗೆ ಅರಿವಾಯಿತು. ಆ ನಾಚಿಕೆ ಉಳಿದದ್ದಕ್ಕಿಂತ ದೊಡ್ಡದಾಗಿತ್ತು.

“ನಾಳಿ ಮುಂಜಾನೆ ಹೋಗಿ ಹೇಳ್ತೀನಿ” ಎಂದ.

“ಬರೇ ಕೈಲೆ ಹೋಗ್ರಿ” ಎಂದಳು ಕಲ್ಯಾಣಿ. “ಮೋಸಂಬಿ ಗೀಸಂಬಿ ಬ್ಯಾಡ.”

ಮರುದಿನ ಬೆಳಗ್ಗೆ ದಸ್ತಗೀರ್ ಅಂಗಡಿಗೆ ಹೊರಡುವ ಮೊದಲೇ ಪಂಪಾಪತಿ ಹೋದ. ತಾಯಿ ಮಗ ಇಬ್ಬರೂ ಇದ್ದರು. ಕೂತುಕೊಳ್ಳಿ ಎಂದರೂ ಕೂರಲಿಲ್ಲ. ನಿಂತೇ ಹೇಳಿದ.

“ಚಾಚಿ, ನಾ ಅವತ್ತ ಬೆಲ್ ಹೊಡದಿಲ್ಲ. ಒಮ್ಮಿನೂ ಹೊಡದಿಲ್ಲ. ನಿಮಗ ಕೇಳೋದಕ್ಕ ಏನೂ ಇರಲಿಲ್ಲ. ಆಮ್ಯಾಲ ನೀವು ಕೇಳ್ದಾಗ ಸುಳ್ಳು ಹೇಳ್ದೆ. ನಿಮ್ಮ ಕಿವಿ ನೆಟ್ಟಗ ಅದಾವ. ತಪ್ಪು ನಂದು.”

ದಸ್ತಗೀರನ ಮುಖ ಕೆಂಪಾಯಿತು. “ನಾ ನಿಮ್ಮ ಕೈ ಹಿಡದು ಮಾಫಿ ಕೇಳಿದ್ನಲ್ರೀ. ಇರ್ಲಿ ಬಿಡ್ರಿ ಅಂದ್ರಿ ನೀವು.”

“ಅಂದೆ” ಎಂದ ಪಂಪಾಪತಿ. ಬೇರೆ ಏನು ಹೇಳಲು ಬರುತ್ತದೆ?

ಚಾಚಿ ಮಗನಿಗೆ ಸುಮ್ಮನಿರು ಎಂದು ಸನ್ನೆ ಮಾಡಿದರು. ಅವರು ಅಳಲಿಲ್ಲ, ಹರಸಲೂ ಇಲ್ಲ. ಪಂಪಾಪತಿ ಒಳಗೊಳಗೆ ಕಾಯುತ್ತಿದ್ದದ್ದು, ಹೋಗಲಿ ಬಿಡು ಬೇಟಾ ಎಂಬ ಒಂದು ಮಾತಿಗೆ. ಆ ಮಾತು ಬರಲಿಲ್ಲ.

“ನನ್ನ ಮುಂದ ಹೇಳ್ದಿ. ನನ್ನ ಮಗನ ಮುಂದ ಹೇಳ್ದಿ. ಛಲೋ ಆತು” ಎಂದರು ಚಾಚಿ. “ನಾ ಕಿವುಡಿ ಅಂತ ಇಡೀ ಓಣಿಗಿ ಸುದ್ದಿ ಆಗೇದ. ನಾ ಮನಿ ಮನಿಗಿ ಹೋಗಿ ನನಗ ಕೇಳಸ್ತದ್ರೀ ಅಂದ್ರ ಯಾರು ನಂಬ್ತಾರ? ಕಿವುಡರೆಲ್ಲಾ ಹಂಗ ಅಂತಾರ ಅಂತ ನಗ್ತಾರ. ಅವರಿಗೆ ಹೇಳೋರು ಯಾರು?”

ಪಂಪಾಪತಿಗೆ ಇಬ್ಬರೆದುರು ಒಪ್ಪಿಕೊಳ್ಳಲು ಇಷ್ಟು ದಿನ ಬೇಕಾಗಿತ್ತು. ಈಗ ಇಡೀ ಓಣಿ. ನಳದ ಹತ್ತಿರ, ಹಾಲಿನ ಅಂಗಡಿಯ ಹತ್ತಿರ, ತನ್ನನ್ನು ಸಾಹೇಬರೇ ಎನ್ನುವ ಪ್ರತಿಯೊಬ್ಬರ ಎದುರು. ಆದರೆ ಚಾಚಿ ಕೇಳಿದ್ದರಲ್ಲಿ ಹೆಚ್ಚಿನದೇನೂ ಇರಲಿಲ್ಲ. ಕಸಿದುಕೊಂಡಿದ್ದನ್ನು ಕಸಿದುಕೊಂಡ ಜಾಗದಲ್ಲೇ ಮರಳಿ ಕೊಡು ಎಂದಿದ್ದರು, ಅಷ್ಟೇ.

“ನಾ ಹೇಳ್ತೀನಿ” ಎಂದ.

ಮನೆಗೆ ಬಂದು ಕಚೇರಿಗೆ ರಜೆ ಹೇಳಿದ. ಹೊರಡುವಾಗ ಮೌನಪ್ಪ ಚಪ್ಪಲಿ ಮೆಟ್ಟಿ ಬಾಗಿಲಲ್ಲಿ ನಿಂತಿದ್ದರು. “ನೀನು ಯಾಕ ಯಪ್ಪಾ, ಬಿಸಲಾಗ” ಎಂದು ಮಗ ಕೇಳಿದರೆ, “ಕಲಿಸಿದಾಂವ ನಾನು. ನಾನೂ ಬರ್ತೀನಿ” ಎಂದರು. ತಂದೆ ಮಗ ಇಬ್ಬರೂ ಮೊದಲು ಅನ್ನಮ್ಮನ ಮನೆಗೆ ಹೋದರು.

ಪಂಪಾಪತಿ ಹೇಳಿದ್ದನ್ನು ಅನ್ನಮ್ಮ ಬಾಗಿಲಲ್ಲಿ ನಿಂತು ಪೂರ್ತಿ ಕೇಳಿದಳು. ಕೇಳುತ್ತ ಕೇಳುತ್ತ ಅವಳ ಮುಖವೂ ಇಳಿಯಿತು. “ನಾನೂ ನೋಡಿ ಮಾಡಿ ಮಾತಾಡಬೇಕಿತ್ತು” ಎಂದಳು. “ಚಾಚಿಗಿ ಎರಡು ಮಾತು ಕೇಳಿದ್ರ ಗೊತ್ತಾಗ್ತಿತ್ತು. ನಾನು ಕೇಳಲೇ ಇಲ್ಲ, ನೀವು ಬ್ಯಾಡ ಅಂತ ಹೇಳಿ ಕಳಿಸ್ಬಿಟ್ಟೆ.” ಒಳಗೆ ಹೋಗಿ ಸೊಸೆಯ ಜೊತೆ ಏನೋ ಮಾತಾಡಿ ಬಂದಳು. “ಕೈ ನೆಟ್ಟಗಾದ ಕೂಡ್ಲೆ ಬರಾಕ ಹೇಳ್ತೀವಿ. ನಾನ ಹೋಗಿ ಕರೀತೀನಿ.”

ಎಲ್ಲ ಮನೆಗಳೂ ಹೀಗೆ ಇರಲಿಲ್ಲ. ಒಬ್ಬರು ನಕ್ಕರು. ಇನ್ನೊಬ್ಬರು, ಇಷ್ಟು ಸಣ್ಣ ವಿಷಯಕ್ಕೆ ಮನೆ ಮನೆ ತಿರುಗುತ್ತೀರಲ್ಲ ಎಂದರು. ಹಾಲಿನ ಅಂಗಡಿಯವನು, “ಓದಿದೋರು ಸಾಹೇಬ್ರ ನೀವು, ಹಿಂಗ ಮಾಡೋದಾ?” ಎಂದ. ಪಂಪಾಪತಿ ಎಲ್ಲದಕ್ಕೂ ಹೌದು ಎಂದ.  ಮನೆ ಬಿಟ್ಟು ಮನೆ ಹೋಗುತ್ತಿದ್ದಂತೆ ನಾಚಿಕೆ ಕಡಿಮೆಯಾಗುತ್ತದೆ ಎಂದುಕೊಂಡಿದ್ದ. ಆಗಲಿಲ್ಲ. ಪ್ರತಿ ಬಾಗಿಲಲ್ಲೂ ಹೊಸದಾಗಿಯೇ ಆಯಿತು. ಮೌನಪ್ಪ ಮಾತ್ರ ಪ್ರತಿ ಮನೆಯಲ್ಲೂ ಒಂದು ಮಾತು ಸೇರಿಸುತ್ತಿದ್ದರು. “ನಿಮ್ಮ ಮಕ್ಕಳಿಗೆ ನನ್ನಂಗ ಕಲಸಬ್ಯಾಡ್ರಿ.”

ಓಣಿಯ ಮಹಿಳಾ ಸಂಘದ ವಾರದ ಸಭೆಯಲ್ಲಿ ಕಲ್ಯಾಣಿಯೂ ಎದ್ದು ನಿಂತಳು. ಗಂಡನ ತಪ್ಪನ್ನು ಮುಚ್ಚಿಡಲಿಲ್ಲ, ದೊಡ್ಡದೂ ಮಾಡಲಿಲ್ಲ. ಸೈಕಲ್ಲಿನಲ್ಲಿ ಶಾಲೆಗೆ, ಕೆಲಸಕ್ಕೆ ಹೋಗುವವರು ಎಷ್ಟು ಮನೆಗಳಲ್ಲಿದ್ದಾರೆ ಎಂದು ಕೇಳಿದಳು. ಹೆಚ್ಚುಕಡಿಮೆ ಎಲ್ಲರೂ ಕೈ ಎತ್ತಿದರು. ಹಾಗಾದರೆ ಈ ಮಾತು ಮನೆಮನೆಯದು ಎಂದಳು. ಆ ಸಭೆಯ ಮಾತೇ ಈಗ ನಿಮ್ಮ ಕೈಯಲ್ಲಿರುವ ಈ ಹಾಳೆ.

ಆದ್ದರಿಂದ ಅಕ್ಕ ತಂಗಿಯರೇ, ಅಣ್ಣ ತಮ್ಮಂದಿರೇ, ಸೈಕಲ್ ಹತ್ತುವ ಮೊದಲು ಬೆಲ್ ಆಗುತ್ತದೋ ಇಲ್ಲವೋ ನೋಡಿ, ಬ್ರೇಕ್ ಹಿಡಿಯುತ್ತದೋ ನೋಡಿ. ಮುಂದೆ ಯಾರಾದರೂ ನಡೆಯುತ್ತಿದ್ದರೆ ದೂರದಿಂದಲೇ ಮೆತ್ತಗೆ ಒಮ್ಮೆ ತಿಳಿಸಿ. ಕೇಳಿಸಿರಲಿಕ್ಕಿಲ್ಲ ಎಂದೇ ತಿಳಿದು ನಿಧಾನಿಸಿ. ಬಾಯಿ ಬಿಟ್ಟು ಮಾತಾಡಿ, ಜಾಗ ಬಿಟ್ಟು ದಾಟಿ, ಜಾಗವಿಲ್ಲದ ಕಡೆ ಇಳಿದು ತಳ್ಳಿ. ಹಿರಿಯರಿಗೆ ತಿಳಿಸುವುದು ಸೊಕ್ಕಲ್ಲ, ತಿಳಿಸದೆ ಹಾದುಹೋಗುವುದು ಮರ್ಯಾದೆಯಲ್ಲ. ಎಷ್ಟು ಜಾಗ್ರತೆ ಮಾಡಿದರೂ ಒಮ್ಮೊಮ್ಮೆ ತಾಗುತ್ತದೆ. ತಾಗಿದರೆ ನಿಲ್ಲಿ, ಬಿದ್ದವರನ್ನು ಎತ್ತಿ, ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಮತ್ತು ಆದದ್ದನ್ನು ಆದ ಹಾಗೆ ಹೇಳಿ, ಆಗಲೇ ಹೇಳಿ.

ಪಂಪಾಪತಿ ಇನ್ನೂ ಎಲ್ಲ ಮನೆಗಳನ್ನು ಮುಟ್ಟಿಲ್ಲ. ಸುದ್ದಿ ಅವನಿಗಿಂತ ಮೊದಲೇ ಮಾವಿನಕೆರೆ ದಾಟಿ ಬೇರೆ ಓಣಿಗಳಿಗೂ ಹೋಗಿದೆ, ಅಲ್ಲೂ ಬಾಣಂತಿಯರಿದ್ದಾರೆ, ಕೂಸುಗಳಿವೆ. ಆ ಉಳಿದ ಮನೆಗಳಿಗೆ ಹೇಳಲು ನೀವು ಅವನಿಗೆ ನೆರವಾಗಬೇಕು. ಇದನ್ನು ಓದಿದವರು ಒಬ್ಬರಿಗಾದರೂ ಹೇಳಿ, ರಂಜಾನಬಿ ಚಾಚಿಗೆ ಕಿವಿ ಚೆನ್ನಾಗಿ ಕೇಳಿಸುತ್ತದೆ, ಅಂದು ಬೆಲ್ ಆಗಲೇ ಇಲ್ಲ.